ಟ್ರಿಬ್ಯೂನಲ್‌ನಲ್ಲಿ ತೀರ್ಮಾನ ಏಕೆ ತಿರುಗುತ್ತದೆ? ಬ್ರಿಟನ್ನಿನ ಪಿಪ್ ಮೇಲ್ಮನವಿಗಳ ಒಳಹೊರಗು

(ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಪಿಪ್, ಅಂದರೆ ದೀರ್ಘ ಕಾಯಿಲೆ ಅಥವಾ ಅಂಗವೈಕಲ್ಯ ಇರುವವರಿಗೆ ಸಿಗುವ ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್ ಎಂಬ ಭತ್ಯೆ, ಕೇಳಿ ಅರ್ಜಿ ಹಾಕಿದವರಿಗೆ ಡಿಡಬ್ಲ್ಯುಪಿಯಿಂದ (ಕೆಲಸ ಮತ್ತು ಪಿಂಚಣಿ ಇಲಾಖೆಯಿಂದ) 'ಇಲ್ಲ' ಎಂಬ ಪತ್ರ ಬಂದರೆ ಹೆಚ್ಚಿನವರು ಅಲ್ಲಿಗೇ ಕೈಚೆಲ್ಲುತ್ತಾರೆ. ಒಟ್ಟು ತೀರ್ಮಾನಗಳಲ್ಲಿ ಟ್ರಿಬ್ಯೂನಲ್‌ವರೆಗೆ, ಅಂದರೆ ಮೇಲ್ಮನವಿ ಕೇಳುವ ಸ್ವತಂತ್ರ ನ್ಯಾಯಮಂಡಳಿಯವರೆಗೆ, ಹೋಗುವವು ಹತ್ತಕ್ಕೆ ಒಂದಕ್ಕಿಂತ ಕಡಿಮೆ. ಆದರೆ ವಿಚಾರಣೆಯ ಹಂತ ಮುಟ್ಟಿದ ಪ್ರಕರಣಗಳನ್ನು ನೋಡಿ: ಅನೇಕ ವರ್ಷಗಳಿಂದ ಸುಮಾರು ಮೂರರಲ್ಲಿ ಎರಡರಷ್ಟು ಅರ್ಜಿದಾರರ ಪರವಾಗಿ ತಿರುಗುತ್ತಿವೆ. ಸರ್ಕಾರಿ ಇಲಾಖೆಯೊಂದರ ತೀರ್ಮಾನ ಇಷ್ಟು ದೊಡ್ಡ ಪ್ರಮಾಣದಲ್ಲಿ ತಿರುಗುತ್ತದೆ ಎಂದರೆ ಅದಕ್ಕೆ ಕಾರಣ ಇರಲೇಬೇಕು. ಆ ಕಾರಣವನ್ನು ಬಿಡಿಸಿ ಹೇಳುವುದು ಇವತ್ತಿನ ಮುಖ್ಯ ಕೆಲಸ. ಅದು ಅರ್ಥವಾದರೆ ಮೇಲ್ಮನವಿಗೆ ಹೇಗೆ ಸಿದ್ಧವಾಗಬೇಕು ಎಂಬುದೂ ಸ್ಪಷ್ಟವಾಗುತ್ತದೆ.

ಮೇಲ್ಮನವಿ ಗೆದ್ದಾಗ ಯಾವ ಕಾರಣಕ್ಕೆ ತೀರ್ಮಾನ ಬದಲಾಯಿತು ಎಂದು ಡಿಡಬ್ಲ್ಯುಪಿ ತಾನೇ ದಾಖಲಿಸಿಕೊಳ್ಳುತ್ತದೆ. ಅದರಲ್ಲಿ ಎದ್ದು ಕಾಣುವ ಕಾರಣಗಳು ಎರಡು. ಒಂದು, ವಿಚಾರಣೆಯಲ್ಲಿ ಅರ್ಜಿದಾರರು ಬಾಯಿಮಾತಿನಲ್ಲಿ ಕೊಟ್ಟ ಸಾಕ್ಷ್ಯ ನಂಬುವಂತಿತ್ತು. ಇನ್ನೊಂದು, ಹೆಚ್ಚುಕಡಿಮೆ ಅದೇ ಸಂಗತಿಗಳನ್ನು ನೋಡಿ ಟ್ರಿಬ್ಯೂನಲ್ ಬೇರೆ ತೀರ್ಮಾನಕ್ಕೆ ಬಂತು. ಹೊಸದಾಗಿ ತಂದ ವೈದ್ಯಕೀಯ ಕಾಗದದ ಬಲದಿಂದ ಗೆದ್ದ ಪ್ರಕರಣಗಳು ಇವೆರಡರ ಮುಂದೆ ಬಹಳ ಸಣ್ಣ ಪಾಲು. ನಮ್ಮಲ್ಲಿ ಅನೇಕರು ಇದನ್ನು ತಲೆಕೆಳಗಾಗಿ ತಿಳಿದಿದ್ದಾರೆ. ದೊಡ್ಡ ಸ್ಪೆಷಲಿಸ್ಟ್‌ನಿಂದ ಒಂದು ಪತ್ರ ಸಿಕ್ಕರೆ ಗೆದ್ದಂತೆ, ಸಿಗದಿದ್ದರೆ ಸೋತಂತೆ ಎಂಬ ನಂಬಿಕೆ ಅದು. ಪತ್ರ ಇದ್ದರೆ ಒಳ್ಳೆಯದೇ. ಆದರೆ ಹೆಚ್ಚಿನ ಪ್ರಕರಣಗಳನ್ನು ತಿರುಗಿಸುವುದು ಸರಿಯಾದ ಪ್ರಶ್ನೆಗೆ ಸಿಗುವ ವಿವರವಾದ ಉತ್ತರ.

ಸರಿಯಾದ ಪ್ರಶ್ನೆ ಯಾವುದು ಎಂದು ತಿಳಿಯಲು ಪಿಪ್‌ನ ಅಳತೆಗೋಲು ಗೊತ್ತಿರಬೇಕು. 2012ರ ವೆಲ್ಫೇರ್ ರಿಫಾರ್ಮ್ ಕಾಯ್ದೆಯಡಿ 2013ರ ಏಪ್ರಿಲ್‌ನಿಂದ ಬಂದ ಈ ಭತ್ಯೆ ಕಾಯಿಲೆಯ ಹೆಸರಿಗೆ ಸಿಗುವುದಿಲ್ಲ. ಭಾರತದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಶೇಕಡಾ 40 ಅಂಗವೈಕಲ್ಯ ಎಂಬ ಗೆರೆ ಇದೆ. ವೈದ್ಯಕೀಯ ಮಂಡಳಿ ಪ್ರಮಾಣಪತ್ರ ಕೊಡುತ್ತದೆ. ಊರಿನಿಂದ ಆ ಪತ್ರ ತಂದು ಇಲ್ಲಿ ಜೋಡಿಸಿದರೆ ಕಾಯಿಲೆ ಇದೆ ಎಂಬುದಕ್ಕೆ ಪುರಾವೆಯಾಗುತ್ತದೆ, ಅಷ್ಟೇ. ಶೇಕಡಾ 60 ಎಂದು ಬರೆದಿದ್ದರೂ ಅದು ಒಂದು ಪಾಯಿಂಟ್‌ಗೂ ಸಮನಲ್ಲ. ಇಲ್ಲಿ ಅಳೆಯುವುದು ಹನ್ನೆರಡು ಕೆಲಸಗಳನ್ನು. ದಿನನಿತ್ಯದ ಬದುಕಿನ ಭಾಗದಲ್ಲಿ ಹತ್ತು: ಅಡುಗೆ, ಊಟ ಮಾಡುವುದು, ಔಷಧ ಮತ್ತು ಚಿಕಿತ್ಸೆ ನೋಡಿಕೊಳ್ಳುವುದು, ಸ್ನಾನ, ಶೌಚ, ಬಟ್ಟೆ ಹಾಕಿ ತೆಗೆಯುವುದು, ಮಾತಾಡಿ ತಿಳಿಸುವುದು, ಓದುವುದು, ಜನರೊಂದಿಗೆ ಮುಖಾಮುಖಿ ಬೆರೆಯುವುದು, ಹಣದ ಲೆಕ್ಕಾಚಾರ. ಓಡಾಟದ ಭಾಗದಲ್ಲಿ ಎರಡು: ದಾರಿ ಯೋಜಿಸಿ ಹೋಗುವುದು, ನಡೆಯುವುದು. ಪ್ರತಿ ಕೆಲಸದ ಕೆಳಗೆ ಡಿಸ್ಕ್ರಿಪ್ಟರ್ ಎಂಬ ಸಾಲುಗಳಿವೆ, ಸಾಲಿಗಿಷ್ಟು ಎಂದು ಪಾಯಿಂಟ್. ಒಂದು ಕೆಲಸಕ್ಕೆ ಒಂದೇ ಸಾಲು ಲೆಕ್ಕಕ್ಕೆ. ಒಂದು ಭಾಗದಲ್ಲಿ 8 ಪಾಯಿಂಟ್ ಆದರೆ ಸ್ಟ್ಯಾಂಡರ್ಡ್ ದರ, 12 ಆದರೆ ಎನ್‌ಹಾನ್ಸ್ಡ್, ಅಂದರೆ ಹೆಚ್ಚಿನ ದರ. 2025–26ರ ದರ ಹೀಗಿತ್ತು: ದಿನನಿತ್ಯದ ಭಾಗಕ್ಕೆ ವಾರಕ್ಕೆ 73.90 ಅಥವಾ 110.40 ಪೌಂಡ್, ಓಡಾಟದ ಭಾಗಕ್ಕೆ 29.20 ಅಥವಾ 77.05 ಪೌಂಡ್. ತೊಂದರೆ ಮೂರು ತಿಂಗಳಿಂದ ಇರಬೇಕು, ಇನ್ನೂ ಒಂಬತ್ತು ತಿಂಗಳು ಇರುವ ಸಂಭವ ಇರಬೇಕು.

ಈಗ ಎಲ್ಲಕ್ಕಿಂತ ಮುಖ್ಯವಾದ ನಿಯಮಕ್ಕೆ ಬರೋಣ. 2013ರ ಪಿಪ್ ನಿಯಮಾವಳಿಯ 4(2ಎ). ಒಂದು ಕೆಲಸವನ್ನು ನೀವು ಮಾಡಬಲ್ಲಿರಿ ಎಂದು ಹೇಳಬೇಕಾದರೆ ಅದನ್ನು ಅಪಾಯವಿಲ್ಲದೆ, ಒಪ್ಪುವಷ್ಟು ಚೆನ್ನಾಗಿ, ಬೇಕಾದಷ್ಟು ಸಲ, ಹಿಡಿಯಬೇಕಾದಷ್ಟೇ ಸಮಯದಲ್ಲಿ ಮಾಡಲು ಆಗಬೇಕು. ಸಮಯಕ್ಕೆ ಅಳತೆಯೂ ಇದೆ: ಆ ತೊಂದರೆ ಇಲ್ಲದವರಿಗೆ ಹೆಚ್ಚೆಂದರೆ ಎಷ್ಟು ಹೊತ್ತು ಹಿಡಿಯುತ್ತದೋ ಅದರ ಎರಡರಷ್ಟನ್ನು ಮೀರಬಾರದು. ನಾಲ್ಕರಲ್ಲಿ ಒಂದು ತಪ್ಪಿದರೂ ನಿಮಗೆ ಆ ಕೆಲಸ ಆಗುವುದಿಲ್ಲ ಎಂದೇ ಲೆಕ್ಕ. ಜೊತೆಗೆ 7ನೇ ನಿಯಮ: ಮೇಲೆ ಹೇಳಿದ ಮೂರೂ ಒಂಬತ್ತೂ ಸೇರಿದ ಹನ್ನೆರಡು ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ಹೀಗೆ ಇರಬೇಕು. ದಿನವಿಡೀ ಆಗದಿರಬೇಕು ಎಂದೇನಿಲ್ಲ. ಬೆಳಿಗ್ಗೆ ಒಂದೆರಡು ಗಂಟೆ ಬೆರಳು ಮಡಚಲು ಆಗದೆ ಮಧ್ಯಾಹ್ನ ಸರಿಹೋದರೂ ಆ ದಿನ ಲೆಕ್ಕಕ್ಕೆ ಬರುತ್ತದೆ ಎಂದು ಅಪ್ಪರ್ ಟ್ರಿಬ್ಯೂನಲ್ (ಟ್ರಿಬ್ಯೂನಲ್‌ಗಿಂತ ಮೇಲಿನ ಹಂತ) 2015ರಲ್ಲೇ ಟಿಆರ್ ಎಂಬ ಪ್ರಕರಣದಲ್ಲಿ ಹೇಳಿದೆ.

'ಅಪಾಯವಿಲ್ಲದೆ' ಎಂಬುದರ ಬಗ್ಗೆ 2017ರ ಮಾರ್ಚ್‌ನಲ್ಲಿ ಬಂದ ಆರ್‌ಜೆ ಪ್ರಕರಣದ ತೀರ್ಪು ಫಿಟ್ಸ್ ಇರುವವರಿಗೆ ದೊಡ್ಡ ಆಸರೆ. ಫಿಟ್ಸ್ ವಾರಕ್ಕೊಮ್ಮೆ ಬರುತ್ತದೆ, ಅರ್ಧಕ್ಕಿಂತ ಹೆಚ್ಚು ದಿನ ಬರುವುದಿಲ್ಲವಲ್ಲ ಎಂದು ಅದುವರೆಗೆ ತಳ್ಳಿಹಾಕುತ್ತಿದ್ದರು. ಅನಾಹುತದ ಸಂಭವ ಎಷ್ಟು, ಆಗಿಬಿಟ್ಟರೆ ಅದು ಎಷ್ಟು ಭೀಕರ, ಎರಡನ್ನೂ ತೂಗಬೇಕು ಎಂದು ತೀರ್ಪು ಹೇಳಿತು. ಯಾವ ದಿನ ಫಿಟ್ಸ್ ಬರುತ್ತದೆ ಎಂದು ಗೊತ್ತಿಲ್ಲದವರಿಗೆ ಕುದಿಯುವ ಎಣ್ಣೆಯ ಮುಂದೆ ಒಬ್ಬರೇ ನಿಲ್ಲುವುದು ಪ್ರತಿದಿನವೂ ಅಪಾಯವೇ.

ಡಿಡಬ್ಲ್ಯುಪಿ ಪರವಾಗಿ ನಿಮ್ಮನ್ನು ಪ್ರಶ್ನಿಸಿ ನೋಡಿದವರು ಬರೆಯುವ ಅಸೆಸ್‌ಮೆಂಟ್ ವರದಿ ಎಡವುವುದು 4(2ಎ)ಯ ಆ ನಾಲ್ಕು ಮಾತುಗಳಲ್ಲೇ. ಪಿಎ4 ಎಂದು ಕರೆಯುವ ಆ ವರದಿಯನ್ನು ಡಿಡಬ್ಲ್ಯುಪಿಗೆ ಫೋನ್ ಮಾಡಿ ಕೇಳಿ ತರಿಸಿಕೊಳ್ಳಿ, ಸಾಲುಸಾಲಾಗಿ ಓದಿ. ಕೆಲವು ಮಾದರಿಗಳು ಮತ್ತೆ ಮತ್ತೆ ಕಾಣುತ್ತವೆ. 'ಕಾಯುವ ಕೋಣೆಯಿಂದ ನಡೆದು ಬಂದರು, ನೋವಿನ ಚಿಹ್ನೆ ಕಾಣಲಿಲ್ಲ.' ಎಷ್ಟು ದೂರ, ಎಷ್ಟು ನಿಧಾನ, ಕೂತ ಮೇಲೆ ಏನಾಯಿತು ಎಂಬುದು ಇರುವುದಿಲ್ಲ. 'ಕಾರು ಓಡಿಸುತ್ತಾರೆ, ಆದ್ದರಿಂದ ಕೈಹಿಡಿತ ಸರಿಯಾಗಿದೆ.' ಆಟೋಮ್ಯಾಟಿಕ್ ಗಾಡಿಯೋ, ವಾರಕ್ಕೆ ಎಷ್ಟು ಸಲ, ಎಷ್ಟು ಮೈಲಿ ಎಂದು ಕೇಳಿರುವುದಿಲ್ಲ. 'ಸ್ಪೆಷಲಿಸ್ಟ್ ಬಳಿ ಹೋಗುತ್ತಿಲ್ಲ, ಆದ್ದರಿಂದ ಖಿನ್ನತೆ ತೀವ್ರವಲ್ಲ.' ಸರದಿಯಲ್ಲಿ ಎಷ್ಟು ತಿಂಗಳಿಂದ ಕಾಯುತ್ತಿದ್ದಾರೆ ಎಂಬುದು ಬರೆದಿರುವುದಿಲ್ಲ. 'ಕಣ್ಣಿಟ್ಟು ಮಾತಾಡಿದರು, ಆದ್ದರಿಂದ ಜನರೊಂದಿಗೆ ಬೆರೆಯಬಲ್ಲರು.' ಒಂದು ಗಂಟೆಯಲ್ಲಿ ಕಂಡದ್ದನ್ನು ವರ್ಷದ 365 ದಿನಕ್ಕೆ ಹಿಗ್ಗಿಸಿದಂತೆ ಆಯಿತು. ಟ್ರಿಬ್ಯೂನಲ್ ಮಾಡುವುದು ಈ ಹಿಗ್ಗಿಸಿದ್ದನ್ನು ಮತ್ತೆ ಪರೀಕ್ಷಿಸುವ ಕೆಲಸ.

ನಮ್ಮ ಜನರ ವಿಷಯದಲ್ಲಿ ಇನ್ನೊಂದು ತೊಡಕು ಸೇರುತ್ತದೆ. ಅಡುಗೆ ಮಾಡ್ತೀರಾ ಎಂದರೆ 'ಸೊಸೆ ಮಾಡ್ತಾಳೆ, ನಾನು ಅಡುಗೆಮನೆಗೆ ಹೋಗೋದೇ ಇಲ್ಲ' ಎಂದು ಹೇಳಿ ಮುಗಿಸುತ್ತಾರೆ. ವರದಿಯಲ್ಲಿ ಅದು 'ಮಾಡುವ ಅಗತ್ಯವಿಲ್ಲ' ಎಂದಾಗುತ್ತದೆ, 'ಮಾಡಲು ಆಗುವುದಿಲ್ಲ' ಎಂದಲ್ಲ. ಪಿಪ್ ಕೇಳುವುದು ಒಬ್ಬರೇ ಇದ್ದಿದ್ದರೆ ಆಗುತ್ತಿತ್ತೇ ಎಂದು. ಅದೂ ಎಂಥ ಅಡುಗೆ? ಮುದ್ದೆ ತೊಳಸುವುದು, ಹತ್ತು ಜನಕ್ಕೆ ಚಪಾತಿ ಲಟ್ಟಿಸುವುದು ಅಲ್ಲ. ತಾಜಾ ತರಕಾರಿ ಬಳಸಿ ಒಬ್ಬರಿಗೆ ಆಗುವಷ್ಟು ಒಂದೇ ಬಗೆಯ ಬಿಸಿ ಊಟ, ಸೊಂಟದ ಎತ್ತರದ ಒಲೆಯ ಮೇಲೆ. ಆದ್ದರಿಂದ 'ಮುಂಚಿನ ಹಾಗೆ ಹಬ್ಬದ ಅಡುಗೆ ಮಾಡೋಕಾಗಲ್ಲ' ಎಂದರೆ ಪಾಯಿಂಟ್ ಸಿಗುವುದಿಲ್ಲ. 'ಈರುಳ್ಳಿ ಹೆಚ್ಚಲು ಚಾಕು ಹಿಡಿತಕ್ಕೆ ಬರುವುದಿಲ್ಲ, ನೀರು ತುಂಬಿದ ಪಾತ್ರೆ ಎತ್ತಿದರೆ ಕೈಯಿಂದ ಜಾರುತ್ತದೆ' ಎಂದರೆ ಸಿಗುತ್ತದೆ. ಸ್ನಾನ, ಶೌಚದ ಮಾತು ಬಂದರಂತೂ ನಮ್ಮವರು ಸಂಕೋಚದಿಂದ ಮುದುಡಿಬಿಡುತ್ತಾರೆ. ಮೂತ್ರ ತಡೆದುಕೊಳ್ಳಲು ಆಗದೆ ಬಟ್ಟೆ ಬದಲಾಯಿಸಲು ಇನ್ನೊಬ್ಬರ ಸಹಾಯ ಬೇಕಾದರೆ ಆ ಒಂದೇ ಸಾಲಿಗೆ 6 ಪಾಯಿಂಟ್. ಅದನ್ನು ಹೇಳದೆ ಬಿಟ್ಟದ್ದರಿಂದಲೇ ನಿಂತುಹೋಗುವ ಅರ್ಜಿಗಳಿವೆ. ಕೇಳುವವರಿಗೆ ಅದು ದಿನವೂ ಕೇಳುವ ಪ್ರಶ್ನೆ, ದಯವಿಟ್ಟು ನಾಚಿಕೆ ಬೇಡ.

ಒಂದು ಕಾಲ್ಪನಿಕ ಉದಾಹರಣೆಯನ್ನು ಹತ್ತಿರದಿಂದ ನೋಡೋಣ. 52 ವರ್ಷದ ಹೆಂಗಸು, ರುಮಟಾಯ್ಡ್ ಆರ್ಥ್ರೈಟಿಸ್. ಡಿಡಬ್ಲ್ಯುಪಿ ಕೊಟ್ಟದ್ದು ಅಡುಗೆಗೆ 2, ಸ್ನಾನಕ್ಕೆ 2, ಒಟ್ಟು 4. ನಡೆಯುವುದಕ್ಕೆ, 50 ಮೀಟರ್‌ಗಿಂತ ಹೆಚ್ಚು ಆದರೆ 200 ಮೀಟರ್ ದಾಟದಷ್ಟು ನಡೆಯಬಲ್ಲರು ಎಂದು 4. ಎರಡೂ ಭಾಗದಲ್ಲಿ ಏನೂ ಸಿಗಲಿಲ್ಲ. ಟ್ರಿಬ್ಯೂನಲ್‌ನಲ್ಲಿ ವೈದ್ಯ ಸದಸ್ಯರು ಕೇಳುತ್ತಾರೆ: ಬೆಳಿಗ್ಗೆ ಎದ್ದಾಗ ಬೆರಳಿನ ಬಿಗಿತ ಬಿಡಲು ಎಷ್ಟು ಹೊತ್ತು? ಹೆಚ್ಚುವಾಗ ಯಾರು ಹೆಚ್ಚುತ್ತಾರೆ? ಬಾತ್‌ಟಬ್ಬಿನ ಅಂಚು ದಾಟುವಾಗ ಏನು ಹಿಡಿದುಕೊಳ್ಳುತ್ತೀರಿ? ಸಾಕ್ಸ್ ಹಾಕುವುದು ಹೇಗೆ? ವಾರದ ಇಂಜೆಕ್ಷನ್ ಯಾರು ಚುಚ್ಚುತ್ತಾರೆ? ಬಸ್‌ಸ್ಟಾಪ್ ಎಷ್ಟು ಮನೆ ಆಚೆ, ನಡುವೆ ಎಷ್ಟು ಸಲ ನಿಲ್ಲುತ್ತೀರಿ, ವಾಪಸ್ ಬಂದು ಎಷ್ಟು ಹೊತ್ತು ಮಲಗುತ್ತೀರಿ? ಉತ್ತರಗಳು ಒಂದಕ್ಕೊಂದು ಹೊಂದಿದರೆ ಲೆಕ್ಕ ಹೀಗೆ ಬದಲಾಗುತ್ತದೆ: ಅಡುಗೆಗೆ ಇನ್ನೊಬ್ಬರ ಕೈಸಹಾಯ ಬೇಕು, 4. ಟಬ್ ಹತ್ತಿ ಇಳಿಯಲು ಸಹಾಯ ಬೇಕು, 3. ಸೊಂಟದ ಕೆಳಗಿನ ಬಟ್ಟೆಗೆ ಸಹಾಯ ಬೇಕು, 2. ಔಷಧಕ್ಕೆ ಸಹಾಯ, 1. ಒಟ್ಟು 10. ಕೋಲು ಹಿಡಿದು 20ರಿಂದ 50 ಮೀಟರ್ ಮಾತ್ರ, 10. ಎರಡೂ ಭಾಗದಲ್ಲಿ ಸ್ಟ್ಯಾಂಡರ್ಡ್ ದರ, 2025–26ರ ಲೆಕ್ಕದಲ್ಲಿ ವಾರಕ್ಕೆ 103.10 ಪೌಂಡ್, ಒಂದು ವರ್ಷದ ಬಾಕಿಯೇ 5,361.20 ಪೌಂಡ್. ಕಾಯಿಲೆ ಅದೇ, ಔಷಧ ಅದೇ, ಕಾಗದ ಪತ್ರವೂ ಅದೇ. ಬದಲಾದದ್ದು ಕೇಳಿದ ಪ್ರಶ್ನೆಗಳು.

ಇನ್ನು ದಾರಿಯ ಹಂತಗಳು. ಮೊದಲನೆಯದು ಮ್ಯಾಂಡೇಟರಿ ರೀಕನ್ಸಿಡರೇಶನ್, ಕಡ್ಡಾಯ ಮರುಪರಿಶೀಲನೆ. ತೀರ್ಮಾನದ ಪತ್ರದ ದಿನಾಂಕದಿಂದ ಒಂದು ತಿಂಗಳೊಳಗೆ ಕೇಳಬೇಕು. ತಡವಾದರೆ ಕಾರಣ ಕೊಟ್ಟು 13 ತಿಂಗಳವರೆಗೂ ಕೇಳಬಹುದು. ತಡವಾಯಿತೆಂದು ಡಿಡಬ್ಲ್ಯುಪಿ ನಿರಾಕರಿಸಿದರೆ ಬಾಗಿಲು ಮುಚ್ಚಿತು ಎಂದುಕೊಳ್ಳಬೇಡಿ. ಹಾಗೆ ನಿರಾಕರಿಸಿದರೂ ನೇರ ಮೇಲ್ಮನವಿಗೆ ಹೋಗುವ ಹಕ್ಕು ಉಳಿಯುತ್ತದೆ ಎಂದು ಅಪ್ಪರ್ ಟ್ರಿಬ್ಯೂನಲ್ 2017ರಲ್ಲಿ ತೀರ್ಪು ಕೊಟ್ಟಿದೆ. ಈ ಹಂತದಲ್ಲಿ ಬಹುಪಾಲು ತೀರ್ಮಾನಗಳು ಬದಲಾಗುವುದಿಲ್ಲ. ಎರಡನೇ ಸಲವೂ 'ಇಲ್ಲ' ಎಂಬ ಪತ್ರ ಬಂದಾಗ ಜನ ಸೋತು ನಿಲ್ಲುವುದು ಇಲ್ಲೇ. ಈ ಒಂದು ಹಂತ ಎಷ್ಟೋ ಅರ್ಹರನ್ನು ದಾರಿಯಿಂದ ಹೊರಗೆ ತಳ್ಳುತ್ತಿದೆ ಎಂಬುದು ನಮ್ಮ ಖಚಿತ ಅಭಿಪ್ರಾಯ. ಈ ಎರಡನೇ ಪತ್ರವನ್ನು ಟ್ರಿಬ್ಯೂನಲ್‌ಗೆ ಹೋಗಲು ಸಿಕ್ಕ ಟಿಕೆಟ್ ಎಂದು ತಿಳಿಯಿರಿ, ಏಕೆಂದರೆ ಅದರ ಪ್ರತಿ ಇಲ್ಲದೆ ಸಾಮಾನ್ಯವಾಗಿ ಮೇಲ್ಮನವಿ ದಾಖಲಾಗುವುದಿಲ್ಲ.

ಆ ಪತ್ರದ ದಿನಾಂಕದಿಂದ ಮತ್ತೆ ಒಂದು ತಿಂಗಳು. ಎಸ್‌ಎಸ್‌ಸಿಎಸ್1 ಎಂಬ ಫಾರಂ ತುಂಬಿ ಅಂಚೆಯಲ್ಲಿ ಕಳಿಸಬಹುದು, ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ಶುಲ್ಕವಿಲ್ಲ, ಸೋತರೆ ಎದುರು ಪಕ್ಷದ ಖರ್ಚು ಕಟ್ಟಬೇಕಾಗಿಲ್ಲ, ವಕೀಲರೂ ಬೇಕಾಗಿಲ್ಲ. ಫಾರಂನಲ್ಲಿ ಎರಡು ಜಾಗ ಎಚ್ಚರದಿಂದ ತುಂಬಿ. ಒಂದು, ವಿಚಾರಣೆ ಬೇಕೇ ಅಥವಾ ಕಾಗದ ನೋಡಿ ತೀರ್ಮಾನಿಸಿದರೆ ಸಾಕೇ ಎಂಬ ಪ್ರಶ್ನೆ. ಕಾಗದ ಸಾಕು ಎಂದವರು ಗೆಲ್ಲುವ ಪ್ರಮಾಣ ಸ್ಪಷ್ಟವಾಗಿ ಕಡಿಮೆ. ಮಾತಿನ ಸಾಕ್ಷ್ಯವೇ ಗೆಲುವಿನ ದೊಡ್ಡ ಕಾರಣ ಎಂದು ಆಗಲೇ ಹೇಳಿದೆವು, ಆ ಅವಕಾಶವನ್ನೇ ಬಿಟ್ಟುಕೊಟ್ಟರೆ ಹೇಗೆ? ಎದುರಿಗೆ ಹೋಗಲು ಆಗದಿದ್ದರೆ ಫೋನ್ ಅಥವಾ ವಿಡಿಯೊ ಕೇಳಿ. ಎರಡು, ದುಭಾಷಿ ಬೇಕೇ ಎಂಬ ಪ್ರಶ್ನೆ. ಕನ್ನಡ ಎಂದು ಬರೆಯಿರಿ, ಉಪಭಾಷೆ ಕೇಳುವ ಕಡೆ ನಿಮ್ಮ ಆಡುಮಾತು ಯಾವ ಕಡೆಯದು ಎಂದೂ ಬರೆಯಿರಿ. ದುಭಾಷಿಯನ್ನು ಟ್ರಿಬ್ಯೂನಲ್ಲೇ ಪುಕ್ಕಟೆಯಾಗಿ ಒದಗಿಸುತ್ತದೆ. ಆಫೀಸಿನಲ್ಲಿ ದಿನವೂ ಇಂಗ್ಲಿಷ್ ಮಾತಾಡುವವರಿಗೂ ನೋವನ್ನು, ಮುಜುಗರದ ವಿಷಯವನ್ನು ಇಂಗ್ಲಿಷ್‌ನಲ್ಲಿ ಬಿಡಿಸಿ ಹೇಳುವುದು ಕಷ್ಟ. ಮಗಳನ್ನೋ ಅಳಿಯನನ್ನೋ ಅನುವಾದಕ್ಕೆ ನಂಬಿ ಹೋಗಬೇಡಿ, ಮನೆಯವರು ಅನುವಾದಿಸುವುದನ್ನು ಟ್ರಿಬ್ಯೂನಲ್ ಸಾಮಾನ್ಯವಾಗಿ ಒಪ್ಪುವುದಿಲ್ಲ. ಅವರನ್ನು ಸಾಕ್ಷಿಯಾಗಿ ಕರೆದುಕೊಂಡು ಹೋಗಿ, ಅಲ್ಲಿ ಅವರ ಮಾತಿಗೆ ನಿಜವಾದ ತೂಕ ಇದೆ. ಊರಿನ ಆಸ್ಪತ್ರೆಯ ಕಾಗದ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಜೋಡಿಸಿ.

ಮೇಲ್ಮನವಿ ದಾಖಲಾದ ಮೇಲೆ ಡಿಡಬ್ಲ್ಯುಪಿ 28 ದಿನದೊಳಗೆ ತನ್ನ ಉತ್ತರ ಕೊಡಬೇಕು. ಬಂಡಲ್ ಎಂದು ಕರೆಯುವ ಆ ಕಟ್ಟು ನೂರು ಪುಟ ದಾಟುವುದು ಮಾಮೂಲು. ಈ ನಡುವೆ ಡಿಡಬ್ಲ್ಯುಪಿಯಿಂದ ಫೋನ್ ಬರಬಹುದು: ಇಷ್ಟು ಕೊಡುತ್ತೇವೆ, ಒಪ್ಪುತ್ತೀರಾ ಎಂದು. ತೀರ್ಮಾನವನ್ನು ನಿಮಗೆ ಅನುಕೂಲವಾಗಿ ಬದಲಿಸಿದರೆ ಮೇಲ್ಮನವಿ ಅಲ್ಲಿಗೇ ಬಿದ್ದುಹೋಗುತ್ತದೆ. ಇದನ್ನು ಲ್ಯಾಪ್ಸ್ ಎನ್ನುತ್ತಾರೆ. ಫೋನಿನಲ್ಲೇ ಹೂಂ ಎನ್ನಬೇಡಿ. ಯಾವ ಕೆಲಸಕ್ಕೆ ಎಷ್ಟು ಪಾಯಿಂಟ್, ಎಷ್ಟು ಅವಧಿಗೆ ಎಂದು ಕೇಳಿ ಬರೆದುಕೊಳ್ಳಿ, ಒಂದೆರಡು ದಿನ ಯೋಚಿಸಲು ಸಮಯ ಕೇಳಿ. ನಿಮ್ಮ ಲೆಕ್ಕದಲ್ಲಿ 12 ಬರಬೇಕಾದಲ್ಲಿ 8 ಕೊಡುತ್ತಿದ್ದರೆ ಬೇಡ ಎನ್ನುವುದಕ್ಕೆ ಹೆದರಬೇಕಾಗಿಲ್ಲ. ಬದಲಿಸಿಯೇಬಿಟ್ಟರೂ ಹೊಸ ತೀರ್ಮಾನದ ಮೇಲೆ ಮತ್ತೆ ಮೇಲ್ಮನವಿಗೆ ಹೋಗುವ ಹಕ್ಕಿದೆ.

ಬಂಡಲ್ ಕೈಗೆ ಬಂದ ಮೇಲೆ ಎರಡು ಪುಟದ ಹೇಳಿಕೆ ಸಿದ್ಧಮಾಡಿ, ಇಪ್ಪತ್ತು ಪುಟ ಬೇಡ. ಒಂದೊಂದು ಕೆಲಸಕ್ಕೂ ಇಂಥ ಸಾಲು ನಮಗೆ ಅನ್ವಯಿಸುತ್ತದೆ, ಏಕೆಂದರೆ ಹೀಗಾಗುತ್ತದೆ, ಇದಕ್ಕೆ ಬಂಡಲ್‌ನ ಇಷ್ಟನೇ ಪುಟ ನೋಡಿ ಎಂದು ಬರೆಯಿರಿ. ಜಿಪಿ (ನಿಮ್ಮ ಮಾಮೂಲಿ ಡಾಕ್ಟರ್) ಬಳಿ ಪತ್ರ ಕೇಳುವಾಗ 'ನನ್ನ ಅರ್ಜಿಗೆ ಬೆಂಬಲ ಕೊಡಿ' ಎಂದರೆ ರೋಗಗಳ ಪಟ್ಟಿ ಬರುತ್ತದೆ, ಪ್ರಯೋಜನ ಕಡಿಮೆ. ಬದಲಿಗೆ ಎರಡು ಮೂರು ಪ್ರಶ್ನೆ ಬರೆದು ಕೊಡಿ: ನಡೆಯುವಾಗ ಉಸಿರು ಕಟ್ಟುವುದು ಈ ಕಾಯಿಲೆಗೆ ಹೊಂದುತ್ತದೆಯೇ, ಇಂಥ ತಿಂಗಳಲ್ಲೂ ಹೀಗೇ ಇತ್ತೇ ಎಂಬಂಥವು. ಅವರು ಹಣ ಕೇಳಬಹುದು, ಒಲ್ಲೆ ಎನ್ನಲೂಬಹುದು. ಪತ್ರ ಸಿಗದಿದ್ದರೆ ಎರಡು ವಾರದ ದಿನಚರಿ ಬರೆದಿಡಿ, ಒಳ್ಳೆಯ ದಿನಗಳನ್ನೂ ಸೇರಿಸಿ. ಹದಿನಾಲ್ಕು ದಿನವೂ ನರಕ ಎಂದು ಬರೆದ ದಿನಚರಿಗಿಂತ ನಾಲ್ಕು ದಿನ ಪರವಾಗಿಲ್ಲ, ಹತ್ತು ದಿನ ಹೀಗೆ ಎಂದಿರುವುದನ್ನು ಟ್ರಿಬ್ಯೂನಲ್ ಹೆಚ್ಚು ನಂಬುತ್ತದೆ.

ಒಂದು ಮಾತನ್ನು ಒತ್ತಿ ಹೇಳಬೇಕು. ಟ್ರಿಬ್ಯೂನಲ್ ನೋಡುವುದು ಇವತ್ತಿನ ಸ್ಥಿತಿಯನ್ನಲ್ಲ, ಡಿಡಬ್ಲ್ಯುಪಿ ಮೂಲ ತೀರ್ಮಾನ ಕೊಟ್ಟ ದಿನದ ಸ್ಥಿತಿಯನ್ನು. 1998ರ ಸೋಷಿಯಲ್ ಸೆಕ್ಯುರಿಟಿ ಕಾಯ್ದೆಯ 12(8)ನೇ ಸೆಕ್ಷನ್ ಹೀಗೆ ಕಟ್ಟುಹಾಕಿದೆ. ವಿಚಾರಣೆಗೆ ಕಾಯುತ್ತ ತಿಂಗಳುಗಳು ಕಳೆಯುತ್ತವೆ, ಅಷ್ಟರಲ್ಲಿ ಕಾಯಿಲೆ ಉಲ್ಬಣಿಸಿ ವೀಲ್‌ಚೇರ್ ಬಂದಿದ್ದರೂ ಅದು ಈ ಮೇಲ್ಮನವಿಗೆ ಲೆಕ್ಕಕ್ಕಿಲ್ಲ. ಆದರೆ ಆಮೇಲೆ ತೆಗೆದ ಸ್ಕ್ಯಾನ್ ಆ ದಿನ ಬೆನ್ನು ಹೇಗಿತ್ತು ಎಂಬುದನ್ನು ತೋರಿಸುವಂತಿದ್ದರೆ ಅದನ್ನು ನೋಡಬಹುದು. ಆದ್ದರಿಂದ ಪ್ರತಿ ಉತ್ತರದಲ್ಲೂ 'ಆ ಸಮಯದಲ್ಲಿ' ಎಂದು ಸೇರಿಸಿ ಮಾತಾಡುವ ಅಭ್ಯಾಸ ಮಾಡಿಕೊಳ್ಳಿ. ಸ್ಥಿತಿ ನಿಜಕ್ಕೂ ಬಿಗಡಾಯಿಸಿದ್ದರೆ, ಮೊದಲ ಅರ್ಜಿ ಪೂರ್ತಿ ತಿರಸ್ಕಾರವಾದವರು ಮೇಲ್ಮನವಿ ನಡೆಯುತ್ತಿರುವಾಗಲೇ ಹೊಸ ಅರ್ಜಿ ಹಾಕಬಹುದು.

ವಿಚಾರಣೆಯ ನೋಟಿಸ್ ಕನಿಷ್ಠ 14 ದಿನ ಮುಂಚೆ ಬರಬೇಕು. ಪಿಪ್ ಪ್ರಕರಣವನ್ನು ಸಾಮಾನ್ಯವಾಗಿ ಕೇಳುವುದು ಮೂವರು: ನ್ಯಾಯಾಧೀಶರು, ವೈದ್ಯರು, ಅಂಗವೈಕಲ್ಯದ ಅನುಭವ ಅಥವಾ ಪರಿಣತಿ ಇರುವ ಸದಸ್ಯರು. ಕಪ್ಪು ಕೋಟು, ಕಟಕಟೆ ಇಲ್ಲ; ಒಂದು ಮೇಜು, ಎದುರುಬದುರು ಕುರ್ಚಿ. ಡಿಡಬ್ಲ್ಯುಪಿ ಪರವಾಗಿ ಯಾರೂ ಬರದಿರುವುದೇ ಹೆಚ್ಚು. ಇದು ವಾದ ಪ್ರತಿವಾದದ ಜಾಗವಲ್ಲ, ಸತ್ಯ ಹುಡುಕಲು ಎರಡೂ ಕಡೆಯವರು ಸಹಕರಿಸಬೇಕಾದ ತನಿಖೆ ಎಂಬ ಅರ್ಥದ ಮಾತನ್ನು 2004ರ ಕೆರ್ ಪ್ರಕರಣದಲ್ಲಿ ಬ್ಯಾರನೆಸ್ ಹೇಲ್ ಹೇಳಿದ್ದಾರೆ. ಹಾಗಾಗಿ ಭಾಷಣ ಬೇಡ. ಕೇಳಿದ್ದಕ್ಕೆ ಉತ್ತರ, ಜೊತೆಗೆ ಒಂದು ನಿದರ್ಶನ. 'ನಡೆಯೋಕೆ ಆಗಲ್ಲ' ಎಂದರೆ ಮುಂದಿನ ಪ್ರಶ್ನೆ 'ಇಲ್ಲಿಗೆ ಹೇಗೆ ಬಂದಿರಿ' ಎಂದೇ. 'ಕಾರ್ ಪಾರ್ಕಿನಿಂದ ಬಾಗಿಲವರೆಗೆ ಎರಡು ಸಲ ನಿಂತೆ, ಈಗ ಸೊಂಟ ಸೆಳೆಯುತ್ತಿದೆ, ನಾಳೆ ಹಾಸಿಗೆಯಿಂದ ಏಳುವುದು ಕಷ್ಟ' ಎಂದರೆ ಅವರಿಗೆ ಬೇಕಾದ ಎಲ್ಲವೂ ಸಿಕ್ಕಿತು. ಹೆಚ್ಚಿಸಿ ಹೇಳಬೇಡಿ. ಒಂದು ಕಡೆ ಉಬ್ಬಿಸಿದ್ದು ಸಿಕ್ಕಿಬಿದ್ದರೆ ಉಳಿದ ನಿಜವೂ ಅನುಮಾನಕ್ಕೆ ಬೀಳುತ್ತದೆ.

ಅಪಾಯವನ್ನೂ ಹೇಳದೆ ಇರಬಾರದು. ನಿಮಗೆ ಈಗಾಗಲೇ ಒಂದಿಷ್ಟು ಸಿಗುತ್ತಿದ್ದು ಹೆಚ್ಚಿಗೆ ಕೇಳಿ ಹೋದರೆ, ಟ್ರಿಬ್ಯೂನಲ್ ಇರುವುದನ್ನೂ ಕಡಿಮೆ ಮಾಡಬಲ್ಲದು. ಹಾಗೆ ಮಾಡುವ ಮುನ್ನ ಎಚ್ಚರಿಕೆ ಕೊಟ್ಟು ಯೋಚಿಸಲು ಅವಕಾಶ ಕೊಡಬೇಕು. ವಿಚಾರಣೆಗೆ ಮುಂಚೆಯಾದರೆ ಪತ್ರ ಬರೆದು ಮೇಲ್ಮನವಿ ಹಿಂತೆಗೆದುಕೊಳ್ಳಬಹುದು, ವಿಚಾರಣೆಯ ನಡುವೆ ಆದರೆ ಮಂಡಳಿಯ ಒಪ್ಪಿಗೆ ಬೇಕು. ಎಚ್ಚರಿಕೆಯ ಮಾತು ಬಂದ ಕೂಡಲೇ ಐದು ನಿಮಿಷ ಹೊರಗೆ ಹೋಗಿ ಬರಲು ಕೇಳಿ, ಜೊತೆಗೆ ಬಂದವರ ಹತ್ತಿರ ಮಾತಾಡಿ.

ಮಾನಸಿಕ ತೊಂದರೆಯ ಪ್ರಕರಣಗಳಿಗೆ ಎರಡು ತೀರ್ಪು ಗೊತ್ತಿರಲಿ. ತೀವ್ರ ಆತಂಕದಿಂದ ಒಬ್ಬರೇ ಹೊರಗೆ ಹೋಗಲಾಗದವರಿಗೂ ಓಡಾಟದ ಪಾಯಿಂಟ್ ಸಿಗಬಹುದು ಎಂದು 2016ರ ಎಂಎಚ್ ತೀರ್ಪು ಹೇಳಿತು. ಅದನ್ನು ತಡೆಯಲು ಸರ್ಕಾರ 2017ರ ಮಾರ್ಚ್‌ನಲ್ಲಿ ನಿಯಮವನ್ನೇ ಬದಲಿಸಿತು. ಅದೇ ಡಿಸೆಂಬರ್‌ನಲ್ಲಿ ಹೈಕೋರ್ಟ್ ಆ ಬದಲಾವಣೆ ತಾರತಮ್ಯದ್ದು ಎಂದು ಹೊಡೆದುಹಾಕಿತು. ಸುಮಾರು 16 ಲಕ್ಷ ಪ್ರಕರಣಗಳನ್ನು ಡಿಡಬ್ಲ್ಯುಪಿ ಮತ್ತೆ ನೋಡಬೇಕಾಯಿತು. 2019ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಎಂಎಂ ಪ್ರಕರಣದಲ್ಲಿ, ಜನರೊಂದಿಗೆ ಬೆರೆಯಲು ನಿಮ್ಮನ್ನು ಬಲ್ಲ ಗೆಳೆಯರೋ ಮನೆಯವರೋ ಕೊಡುವ ಒತ್ತಾಸೆಯೂ ಸೋಷಿಯಲ್ ಸಪೋರ್ಟ್ ಆಗಬಹುದು, ಕೌನ್ಸೆಲರೇ ಬೇಕೆಂದಿಲ್ಲ ಎಂದಿತು. ಆ ಸಾಲಿಗೆ 4 ಪಾಯಿಂಟ್.

ವೀಸಾ ವಿಷಯ. ಸ್ಕಿಲ್ಡ್ ವರ್ಕರ್, ಸ್ಟೂಡೆಂಟ್ ಮುಂತಾಗಿ 'ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್' (ಸರ್ಕಾರಿ ಭತ್ಯೆ ಪಡೆಯುವಂತಿಲ್ಲ) ಎಂದು ಷರತ್ತಿರುವ ವೀಸಾದವರು ಪಿಪ್ ಕೇಳುವಂತಿಲ್ಲ, ಕೇಳಿದರೆ ವೀಸಾಗೇ ತೊಂದರೆ. ಐಎಲ್‌ಆರ್ (ಇಲ್ಲೇ ಶಾಶ್ವತವಾಗಿ ನೆಲೆಸುವ ಅನುಮತಿ) ಅಥವಾ ಪೌರತ್ವ ಬಂದ ಮೇಲೆ ಕೇಳಬಹುದು, ಆದರೆ ಕಳೆದ 156 ವಾರದಲ್ಲಿ 104 ವಾರ ಇಲ್ಲಿದ್ದಿರಬೇಕು. ಊರಿಗೆ ಹೋಗಿ ಬರುವುದಾದರೆ 13 ವಾರ, ಚಿಕಿತ್ಸೆಗೆಂದೇ ಹೋದರೆ 26 ವಾರದವರೆಗೆ ಹಣ ನಿಲ್ಲುವುದಿಲ್ಲ, ಮುಂಚೆ ತಿಳಿಸಬೇಕು. ಬೆಂಗಳೂರಿನಲ್ಲಿ ಕೂತು ವಿಡಿಯೊ ವಿಚಾರಣೆಗೆ ಸೇರಿಕೊಳ್ಳೋಣ ಎಂದು ಮಾತ್ರ ಯೋಚಿಸಬೇಡಿ. ಬೇರೆ ದೇಶದಿಂದ ಸಾಕ್ಷ್ಯ ಹೇಳಲು ಆ ದೇಶದ ಅಭ್ಯಂತರ ಇಲ್ಲವೆಂದು ಖಚಿತವಾಗಬೇಕು. ಹೋಗುವ ದಿನಾಂಕಗಳನ್ನು ಫಾರಂನಲ್ಲೇ ಬರೆದರೆ ಆ ದಿನ ವಿಚಾರಣೆ ಇಡುವುದಿಲ್ಲ.

ಸ್ಕಾಟ್ಲೆಂಡಿನಲ್ಲಿರುವವರಿಗೆ ದಾರಿ ಬೇರೆ. ಅಲ್ಲಿ 2022ರಿಂದ ಅಡಲ್ಟ್ ಡಿಸೆಬಿಲಿಟಿ ಪೇಮೆಂಟ್ ಇದೆ, ಮೊದಲ ಹಂತಕ್ಕೆ 42 ದಿನ ಸಮಯ. ಇರುವ ಭತ್ಯೆಯನ್ನು ಕಡಿಮೆ ಮಾಡಿದರೆ ತಕರಾರು ಮುಗಿಯುವವರೆಗೆ ಹಳೆಯ ಮೊತ್ತ ಸಿಗುವಂತೆ ಶಾರ್ಟ್ ಟರ್ಮ್ ಅಸಿಸ್ಟೆನ್ಸ್ ಕೇಳಬಹುದು. ಇಂಗ್ಲೆಂಡಿನಲ್ಲೂ ಇಂಥದ್ದು ಇರಬೇಕಿತ್ತು.

ತೀರ್ಮಾನ ಅವತ್ತೇ ಕೈಗೆ ಸಿಗಬಹುದು, ಇಲ್ಲವೆ ಅಂಚೆಯಲ್ಲಿ ಬರುತ್ತದೆ. ಸೋತರೆ ಒಂದು ತಿಂಗಳೊಳಗೆ ಸ್ಟೇಟ್‌ಮೆಂಟ್ ಆಫ್ ರೀಸನ್ಸ್, ಅಂದರೆ ತೀರ್ಮಾನದ ಕಾರಣಗಳ ಲಿಖಿತ ವಿವರಣೆ, ಕೇಳಿ. ಅಪ್ಪರ್ ಟ್ರಿಬ್ಯೂನಲ್‌ಗೆ ಹೋಗಲು ಕಾನೂನಿನ ತಪ್ಪು ಇರಬೇಕು: ಮುಖ್ಯ ಸಾಕ್ಷ್ಯವನ್ನು ಏಕೆ ನಂಬಲಿಲ್ಲ ಎಂದು ಹೇಳದೆ ಬಿಟ್ಟದ್ದು, 4(2ಎ)ಯನ್ನು ನೋಡದೇ ಇದ್ದದ್ದು ಇಂಥವು. ತೀರ್ಮಾನ ಒಪ್ಪಿಗೆಯಾಗಲಿಲ್ಲ ಎಂಬುದಷ್ಟೇ ಸಾಲದು. ವಿವರಣೆ ಬಂದ ಮೇಲೆ, ಅಪ್ಪರ್ ಟ್ರಿಬ್ಯೂನಲ್‌ಗೆ ಹೋಗಲು ಅನುಮತಿ ಕೇಳುವುದಕ್ಕೆ ಒಂದು ತಿಂಗಳು. ಆಸ್ಪತ್ರೆ ಸೇರಿದ್ದರಿಂದಲೋ ನೋಟಿಸ್ ತಲುಪದ್ದರಿಂದಲೋ ವಿಚಾರಣೆಗೆ ಹೋಗಲಾಗದೆ ಸೋತಿದ್ದರೆ, ತೀರ್ಮಾನವನ್ನೇ ರದ್ದುಮಾಡಿ ಮತ್ತೆ ಕೇಳಿ ಎಂದು ಅದೇ ಟ್ರಿಬ್ಯೂನಲ್‌ಗೆ ಒಂದು ತಿಂಗಳೊಳಗೆ ಅರ್ಜಿ ಹಾಕಬಹುದು. ಅಪ್ಪರ್ ಟ್ರಿಬ್ಯೂನಲ್‌ಗಿಂತ ಅದು ಸುಲಭದ ದಾರಿ.

ಗೆದ್ದರೆ ಅರ್ಜಿ ಹಾಕಿದ ಕಾಲದಿಂದ ಬಾಕಿ ಲೆಕ್ಕ ಹಾಕಿ ಕೊಡುತ್ತಾರೆ. ಡಿಡಬ್ಲ್ಯುಪಿ ಕೂಡ ಮೇಲೆ ಹೋಗಲು ಯೋಚಿಸುತ್ತಿದ್ದರೆ ಹಣ ತಡೆಹಿಡಿಯಬಹುದು. ಕೆಲವು ವಾರವಾದರೂ ಏನೂ ಬರದಿದ್ದರೆ ಅದನ್ನೇ ಕೇಳಿ. ನೋಟಿಸಿನಲ್ಲಿ ಎಷ್ಟು ವರ್ಷಕ್ಕೆ ಎಂದು ಇರುವುದನ್ನು ಗುರುತು ಹಾಕಿಟ್ಟುಕೊಳ್ಳಿ, ಅವಧಿ ಮುಗಿಯುವ ಮುಂಚೆಯೇ ಮರುಪರಿಶೀಲನೆಯ ಫಾರಂ ಬರುತ್ತದೆ, ಆಗ ಈ ತೀರ್ಮಾನದ ಪ್ರತಿಯನ್ನು ಜೋಡಿಸಬೇಕು. ದಿನನಿತ್ಯದ ಭಾಗ ಯಾವ ದರದಲ್ಲಿ ಸಿಕ್ಕಿದ್ದರೂ, ವಾರಕ್ಕೆ 35 ಗಂಟೆ ನೋಡಿಕೊಳ್ಳುವ ಗಂಡನೋ ಮಗಳೋ ಕೇರರ್ಸ್ ಅಲೋವೆನ್ಸ್ ಕೇಳಬಹುದು. 2025–26ರಲ್ಲಿ ಅದು ವಾರಕ್ಕೆ 83.30 ಪೌಂಡ್ ಇತ್ತು, ಅವರ ನಿವ್ವಳ ಗಳಿಕೆ ವಾರಕ್ಕೆ 196 ಪೌಂಡ್ ಮೀರಬಾರದಿತ್ತು. ಪಿಪ್ ತೀರ್ಮಾನ ಬಂದ ಮೂರು ತಿಂಗಳೊಳಗೆ ಅರ್ಜಿ ಹಾಕಿದರೆ ಪಿಪ್ ಶುರುವಾದ ದಿನದಿಂದಲೇ ಅದೂ ಸಿಗಬಹುದು. ಮೂರು ತಿಂಗಳು ದಾಟಿದರೆ ಹಿಂದಿನದು ಕೈತಪ್ಪುತ್ತದೆ, ಆದ್ದರಿಂದ ಆ ಫಾರಂ ಅನ್ನು ಗೆದ್ದ ವಾರವೇ ಕಳಿಸಿ.